ಶಾಂಘಾಯಿಯ ಶಾಖೆ: ಒಂದು ವಾಸ್ತುಶಿಲ್ಪ ಸಂಸ್ಥೆಯ ಚರಿತ್ರೆ

ಬಟ್ಟೆಯ ವರ್ತಕನು ಪರವೂರಿನಲ್ಲಿ ಒಂದು ಅಂಗಡಿಯನ್ನು ತೆರೆಯಬೇಕೆಂದು ಎಣಿಸಿದರೆ, ನಂಬಿಕೆಯ ಗುಮಾಸ್ತನೊಬ್ಬನನ್ನೂ ನಾಲ್ಕು ಮೂಟೆ ಬಟ್ಟೆಯನ್ನೂ ಕಳುಹಿಸಿಕೊಟ್ಟರೆ ಮುಕ್ಕಾಲು ಪಾಲು ಕೆಲಸವು ಮುಗಿದಂತೆಯೇ ಸರಿ. ಲೇವಾದೇವಿಯ ಸಾಹುಕಾರನಿಗೆ ಹುಂಡಿಯೂ ಲೆಕ್ಕದ ಪುಸ್ತಕವೂ ಸಾಕು. ಆದರೆ ಕಟ್ಟಡಗಳ ನಕಾಶೆಗಳನ್ನು ರಚಿಸಿ ಕಟ್ಟಿಸಿಕೊಡುವುದನ್ನೇ ವೃತ್ತಿಯಾಗಿ ಕೈಕೊಂಡ ಸಂಸ್ಥೆಯು ಬೇರೊಂದು ನಗರದಲ್ಲಿ ತನ್ನ ಶಾಖೆಯನ್ನು ನೆಲೆಗೊಳಿಸುವುದು ಅಷ್ಟು ಸುಲಭವಾದ ಮಾತಲ್ಲ. ಕಟ್ಟಡವನ್ನು ಮೂಟೆ ಕಟ್ಟಿ ಹಡಗಿನಲ್ಲಿ ಸಾಗಿಸಲಾಗದು. ಅದು ನಿಲ್ಲಬೇಕಾದ ನೆಲವು ಆ ಊರಿನದು. ಅದರ ಮೇಲೆ ಸುರಿಯುವ ಮಳೆಯು ಆ ಊರಿನದು. ಕಲ್ಲು ಕೆತ್ತುವ ಕೈ, ಇಟ್ಟಿಗೆ ಹೊರುವ ತಲೆ, ಅನುಜ್ಞೆ ಕೊಡುವ ಅಧಿಕಾರಿ, ಹಣ ತೆರುವ ಒಡೆಯ, ಎಲ್ಲವೂ ಎಲ್ಲರೂ ಆ ಊರಿಗೇ ಸೇರಿದುದು. ಮೂಲಸ್ಥಾನದಲ್ಲಿ ಗಳಿಸಿದ ವಿದ್ಯೆಯೂ ಕೀರ್ತಿಯೂ ಅಲ್ಲಿ ಪರಿಚಯಪತ್ರವಾಗಬಲ್ಲುವೇ ಹೊರತು ಬಂಡವಾಳವಾಗಲಾರವು. ಹೊಸ ಊರಿನಲ್ಲಿ ಹೊಸದಾಗಿಯೇ ಕಲಿಯಬೇಕು.

ಹೀಗೆ ಹೊಸದಾಗಿ ಕಲಿತು, ತಾಯಿಬೇರನ್ನೂ ಮೀರಿ ಬೆಳೆದು, ಕೊನೆಗೆ ತಾನು ಬೇರೂರಿದ್ದ ನೆಲವನ್ನೇ ಕಳೆದುಕೊಂಡ ಒಂದು ಶಾಖೆಯ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಇದು ನಡೆದುದು ಚೀನ ದೇಶದ ಶಾಂಘಾಯಿ ನಗರದಲ್ಲಿ. ಸಂಸ್ಥೆಯ ಹೆಸರು ಪಾಮರ್ ಅಂಡ್ ಟರ್ನರ್. ದೂರದ ದೇಶದ ಈ ಕಥೆಯಿಂದ ನಮಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಆಲದ ಮರದ ಕೊಂಬೆಯಿಂದ ಇಳಿದ ಬಿಳಲು ನೆಲವನ್ನು ಮುಟ್ಟಿದ ಬಳಿಕ ತಾನೇ ಕಾಂಡವಾಗಿ, ಕೆಲವು ವೇಳೆ ಮೂಲದ ಕಾಂಡಕ್ಕಿಂತಲೂ ದಪ್ಪವಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಬಿಳಲಿಗೆ ಬಲವು ಎಲ್ಲಿಂದ ಬಂದಿತು, ಆ ಬಲವು ಎಷ್ಟು ಕಾಲ ನಿಂತಿತು ಎಂಬುದನ್ನು ವಿಚಾರಿಸುವುದು ಯಾವ ದೇಶದವರಿಗೂ ನಿರರ್ಥಕವಾಗಲಾರದು. ಅಲ್ಲದೆ ಈ ಕಥೆಯೊಳಗೆ ನಮ್ಮ ದೇಶದ ಹಣವೂ ನಮ್ಮ ದೇಶದ ಒಂದು ಶಬ್ದವೂ ಸೇರಿಕೊಂಡಿವೆ ಎಂಬುದು ಮುಂದೆ ತಿಳಿದುಬರುವುದು.

ಸಂಸ್ಥೆಯ ಮೂಲವು ಹಾಂಗ್‌ಕಾಂಗ್ ದ್ವೀಪದಲ್ಲಿದೆ. 1868ರಲ್ಲಿ ವಿಲಿಯಂ ಸ್ಯಾಲ್ವೆ ಎಂಬ ಶಿಲ್ಪಿಯು ಆ ಆಂಗ್ಲ ವಸಾಹತಿಗೆ ಬಂದು ತನ್ನ ವೃತ್ತಿಯನ್ನು ಆರಂಭಿಸಿದನು. ಆತನು ಹೆಚ್ಚು ಕಾಲ ಅಲ್ಲಿ ನಿಲ್ಲಲಿಲ್ಲ; ಆಸ್ಟ್ರೇಲಿಯದ ಮೆಲ್ಬೋರ್ನಿಗೆ ಹೊರಟುಹೋದನು. ಆದರೆ ಆತನು ನೆಟ್ಟ ಸಸಿಯು ಬಾಡಲಿಲ್ಲ. ಪಾಲುದಾರರು ಬಂದರು, ಹೋದರು. ಸಂಸ್ಥೆಯ ಹೆಸರೂ ಅದಕ್ಕೆ ತಕ್ಕಂತೆ ಬದಲಾಗುತ್ತ ಬಂದಿತು. 1880ರ ದಶಕದಲ್ಲಿ ಕ್ಲೆಮೆಂಟ್ ಪಾಮರ್ ಎಂಬ ತರುಣ ವಾಸ್ತುಶಿಲ್ಪಿಯೂ ಆರ್ಥರ್ ಟರ್ನರ್ ಎಂಬ ಇಂಜಿನಿಯರನೂ ಬಂದು ಸೇರಿದರು. ಸಂಸ್ಥೆಗೆ ಇಂದಿಗೂ ಉಳಿದಿರುವ ಹೆಸರು ಇವರಿಬ್ಬರದು. ಹಾಂಗ್‌ಕಾಂಗ್ ಅಂಡ್ ಶಾಂಘಾಯಿ ಬ್ಯಾಂಕಿನ ಮುಖ್ಯ ಕಚೇರಿಯನ್ನು ಪಾಮರನು ರಚಿಸಿದನು. 1886ರಲ್ಲಿ ಅದು ಪೂರ್ತಿಯಾಯಿತು. ಒಂದು ದೊಡ್ಡ ಬ್ಯಾಂಕಿನ ವಿಶ್ವಾಸವನ್ನು ಗಳಿಸಿದ ಶಿಲ್ಪಿಗೆ ಮುಂದಿನ ಮಾರ್ಗವು ತೆರೆದಂತೆಯೇ ಅಲ್ಲವೆ? ಈ ಬ್ಯಾಂಕಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅದು 1865ರ ಮಾರ್ಚಿಯಲ್ಲಿ ಹಾಂಗ್‌ಕಾಂಗಿನಲ್ಲಿ ಆರಂಭವಾಗಿ, ಮರುತಿಂಗಳೇ ಶಾಂಘಾಯಿಯಲ್ಲಿ ತನ್ನ ಶಾಖೆಯನ್ನು ತೆರೆದಿತ್ತು. ಶಿಲ್ಪಿಗಳ ಸಂಸ್ಥೆಯು ಅದೇ ದಾರಿಯನ್ನು ಹಿಡಿಯಲು ಇನ್ನೂ ನಲವತ್ತೇಳು ವರ್ಷ ಬೇಕಾಯಿತು.

ಇನ್ನು ಶಾಂಘಾಯಿಯ ವಿಚಾರ. 1842ರ ನಾನ್‌ಕಿಂಗ್ ಒಪ್ಪಂದದಂತೆ ಚೀನೀ ಸರ್ಕಾರವು ಐದು ರೇವುಗಳನ್ನು ಆಂಗ್ಲ ವರ್ತಕರಿಗೆ ತೆರೆಯಬೇಕಾಯಿತು. ಅವುಗಳಲ್ಲಿ ಶಾಂಘಾಯಿಯೂ ಒಂದು. 1843ರಲ್ಲಿ ಅದು ತೆರೆಯಿತು. ಹ್ವಾಂಗ್‌ಪೂ ನದಿಯ ದಡದಲ್ಲಿ, ದೋಣಿಗಳನ್ನು ಹಗ್ಗ ಹಿಡಿದು ಎಳೆಯುವವರು ನಡೆಯುತ್ತಿದ್ದ ಕೆಸರಿನ ಹಾದಿಯಲ್ಲಿ ಪರದೇಶೀಯರು ತಮ್ಮ ಕೋಠಿಗಳನ್ನು ಕಟ್ಟಿಕೊಂಡರು. 1863ರಲ್ಲಿ ಆಂಗ್ಲರ ಮತ್ತು ಅಮೆರಿಕದವರ ಪ್ರದೇಶಗಳು ಕೂಡಿ ಅಂತರರಾಷ್ಟ್ರೀಯ ವಸತಿಯೆಂದಾಯಿತು. ಅಲ್ಲಿ ಚೀನೀ ಸರ್ಕಾರದ ನ್ಯಾಯಾಧಿಕಾರವು ಆಂಗ್ಲರ ಮೇಲೆ ನಡೆಯುತ್ತಿರಲಿಲ್ಲ. ನಗರಸಭೆಯೂ ಪರದೇಶೀಯ ವರ್ತಕರ ಕೈಯಲ್ಲಿದ್ದಿತು. ಬೀದಿಯಲ್ಲಿ ಕಾವಲಿದ್ದವರಲ್ಲಿ ನಮ್ಮ ಪಂಜಾಬಿನಿಂದ ಹೋದ ಸಿಖ್ಖರು ಅನೇಕರು. ನದಿಯ ದಡದ ರಾಜಬೀದಿಗೆ ‘ಬಂಡ್’ ಎಂದು ಹೆಸರಾಯಿತು. ಇದು ಚೀನೀ ಶಬ್ದವೂ ಅಲ್ಲ, ಇಂಗ್ಲಿಷ್ ಶಬ್ದವೂ ಅಲ್ಲ. ಒಡ್ಡು, ಕಟ್ಟೆ ಎಂಬರ್ಥದ ‘ಬಂದ್’ ಎಂಬ ಪಾರಸೀ ಮಾತು ಹಿಂದೂಸ್ಥಾನಿಯಲ್ಲಿ ಬಳಕೆಯಾಗಿ, ಭಾರತದಲ್ಲಿದ್ದ ಆಂಗ್ಲರ ಬಾಯಿಂದ ಪೂರ್ವಸಮುದ್ರದ ರೇವುಗಳಿಗೆ ಹೋಯಿತು. ಹಾಗೆ ನಮ್ಮ ದೇಶದ ಕೆರೆಯ ಏರಿಗೆ ಹೇಳುವ ಮಾತಿನಿಂದಲೇ ಏಷ್ಯದ ಅತಿ ಶ್ರೀಮಂತವಾದ ಬೀದಿಯು ಪ್ರಸಿದ್ಧವಾಯಿತು.

1912ರಲ್ಲಿ ಪಾಮರ್ ಅಂಡ್ ಟರ್ನರ್ ಸಂಸ್ಥೆಯವರು ತಮ್ಮಲ್ಲಿ ಕೆಲಸದಲ್ಲಿದ್ದ ಜಾರ್ಜ್ ಲಿಯೋಪೋಲ್ಡ್ ವಿಲ್ಸನ್ ಎಂಬುವನನ್ನು ಶಾಂಘಾಯಿಗೆ ಕಳುಹಿಸಿದರು. ಆತನೊಡನೆ ಲೋಗನ್ ಎಂಬ ಸಹೋದ್ಯೋಗಿಯೂ ಸೇರಿ ಶಾಖೆಯನ್ನು ನಡೆಸಿದನು. ವಿಲ್ಸನನು ಲಂಡನ್ನಿನಲ್ಲಿ ಶಿಕ್ಷಣ ಪಡೆದು, ಅದಕ್ಕೆ ಕೆಲವೇ ವರ್ಷಗಳ ಹಿಂದೆ ಹಾಂಗ್‌ಕಾಂಗಿಗೆ ಬಂದಿದ್ದನು. ವಯಸ್ಸು ಮೂವತ್ತರ ಆಸುಪಾಸು. ಎರಡು ಊರುಗಳಿಗೂ ನಡುವೆ ಇರುವ ದೂರವು ಸುಮಾರು 760 ಮೈಲಿ. ಸಮುದ್ರಮಾರ್ಗವಾಗಿ ಹಲವು ದಿನಗಳ ಪ್ರಯಾಣ. ಪ್ರತಿಯೊಂದು ಗೆರೆಗೂ ಹಾಂಗ್‌ಕಾಂಗಿನ ಅನುಮತಿಯನ್ನು ಕಾಯುತ್ತ ಕುಳಿತಿದ್ದರೆ ಶಾಖೆಯು ಒಂದು ವರ್ಷವೂ ಬದುಕುತ್ತಿರಲಿಲ್ಲ. ನಕಾಶೆಯನ್ನು ರಚಿಸುವುದು, ಒಡೆಯನೊಡನೆ ಮಾತಾಡುವುದು, ಗುತ್ತಿಗೆದಾರನನ್ನು ಆರಿಸುವುದು, ಇವೆಲ್ಲವೂ ಸ್ಥಳದಲ್ಲಿದ್ದವನ ಕೈಯಲ್ಲಿಯೇ ಇದ್ದುದು ಈ ಶಾಖೆಯ ಮೊದಲನೆಯ ಬಲವಾಯಿತು. ವಿಲ್ಸನನು ಮುಂದೆ ಸಂಸ್ಥೆಯ ಪಾಲುದಾರನೇ ಆದನು. ಸಂಬಳದ ಆಳಿಗೂ ಪಾಲುಗಾರನಿಗೂ ಇರುವ ಅಂತರವನ್ನು ನಮ್ಮ ಹೊಲಗದ್ದೆಗಳ ಸಾಗುವಳಿಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಶಾಖೆಯು ಶಾಂಘಾಯಿಯಲ್ಲಿ ಒಂದು ಚೀನೀ ಹೆಸರನ್ನೂ ತಾಳಿತು. ‘ಗುಂಗ್ ಹೊ ಯಾಂಗ್ ಹಾಂಗ್’ ಎಂದು ಊರಿನವರು ಅದನ್ನು ಕರೆಯುತ್ತಿದ್ದರು. ಮೊದಲಿನ ಎರಡು ಅಕ್ಷರಗಳಿಗೆ ಸರ್ವಸಾಮಾನ್ಯವಾದುದು, ಸಾಮರಸ್ಯ ಎಂಬ ಅರ್ಥಗಳಿವೆ. ಉಳಿದೆರಡು ಪರದೇಶೀಯ ಕೋಠಿ ಎಂದು ಹೇಳುತ್ತವೆ. ಪಾಮರನ ಹೆಸರಾಗಲಿ ಟರ್ನರನ ಹೆಸರಾಗಲಿ ಅದರಲ್ಲಿ ಕೇಳಿಸುವುದಿಲ್ಲ. ಸಣ್ಣ ವಿಷಯವೆಂದು ತೋರಿದರೂ ಇದು ಗಮನಾರ್ಹ. ಊರಿನವರ ನಾಲಗೆಗೆ ಒಗ್ಗುವ ಹೆಸರನ್ನು ಇಟ್ಟುಕೊಂಡವನು, ಆ ಊರಿನಲ್ಲಿ ಬಹುಕಾಲ ಇರುವುದಕ್ಕೆ ಬಂದವನೆಂದು ತಿಳಿಯಬೇಕು.

ಎರಡನೆಯ ಬಲವು ನೆಲದ ಜ್ಞಾನದಿಂದ ಬಂದಿತು. ಹಾಂಗ್‌ಕಾಂಗ್ ಕಗ್ಗಲ್ಲಿನ ಗುಡ್ಡ; ಶಾಂಘಾಯಿಯು ಯಾಂಗ್‌ಟ್ಸೆ ಮಹಾನದಿಯು ಸಾವಿರಾರು ವರ್ಷಗಳಿಂದ ತಂದು ಹಾಕಿದ ಮೆಕ್ಕಲು ಮಣ್ಣು. ಅಲ್ಲಿ ಬಂಡೆಯು ಸಿಕ್ಕಬೇಕಾದರೆ ಸುಮಾರು ಸಾವಿರ ಅಡಿ ಕೆಳಕ್ಕೆ ಹೋಗಬೇಕು. ಕೆಲವು ಅಡಿ ತೋಡಿದರೆ ನೀರು. ಅದರ ಕೆಳಗೆ ಮೆದುವಾದ ಜೇಡಿ. ಅಂತಹ ನೆಲದ ಮೇಲೆ ದಪ್ಪ ಗೋಡೆಗಳ ಎತ್ತರದ ಕಟ್ಟಡವನ್ನು ಎಬ್ಬಿಸಿದರೆ ಅದು ತನ್ನ ಭಾರದಿಂದಲೇ ಕುಸಿಯುವುದು. ಆದುದರಿಂದ ಮರದ ದಿಮ್ಮಿಗಳನ್ನು ಗೂಟಗಳಂತೆ ಒತ್ತೊತ್ತಾಗಿ ನೆಲದೊಳಗೆ ಹೊಡೆದು, ಅವುಗಳ ತಲೆಯ ಮೇಲೆ ಕಬ್ಬಿಣ ಸೇರಿಸಿದ ಕಾಂಕ್ರೀಟಿನ ಅಖಂಡವಾದ ಹಾಸನ್ನು ಹಾಕಿ, ಆ ಹಾಸಿನ ಮೇಲೆ ಕಟ್ಟಡವನ್ನು ಕೂರಿಸುವ ಕ್ರಮವು ಅಲ್ಲಿ ಬಳಕೆಗೆ ಬಂದಿತು. ಗೂಟಗಳು ಬಂಡೆಯನ್ನು ಮುಟ್ಟುವುದಿಲ್ಲ. ಸುತ್ತಲಿನ ಜೇಡಿಮಣ್ಣಿನ ಹಿಡಿತವೇ ಅವನ್ನು ತಡೆದಿಡುತ್ತದೆ. ಹೊಳೆಯ ಮೇಲೆ ತೆಪ್ಪವು ತೇಲುವಂತೆ ಕಟ್ಟಡವು ಕೆಸರಿನ ಮೇಲೆ ತೇಲುತ್ತದೆಂದರೆ ಹೆಚ್ಚು ತಪ್ಪಾಗದು. ಇದರ ಜೊತೆಗೆ ಗೋಡೆಗಳ ಭಾರವನ್ನು ತಗ್ಗಿಸುವುದಕ್ಕಾಗಿ ಉಕ್ಕಿನ ಚೌಕಟ್ಟನ್ನು ಮೊದಲು ನಿಲ್ಲಿಸಿ, ಕಲ್ಲನ್ನೂ ಇಟ್ಟಿಗೆಯನ್ನೂ ಅದಕ್ಕೆ ಹೊದಿಕೆಯಂತೆ ಬಳಸತಕ್ಕ ವಿಧಾನವನ್ನು ವಿಲ್ಸನನು ಕೈಕೊಂಡನು. 1916ರಲ್ಲಿ ಬಂಡ್ ಬೀದಿಯಲ್ಲಿ ಮುಗಿದ ಯೂನಿಯನ್ ವಿಮಾಸಂಸ್ಥೆಯ ಕಟ್ಟಡವು ಶಾಂಘಾಯಿಯಲ್ಲಿ ಉಕ್ಕಿನ ಚೌಕಟ್ಟಿನಿಂದ ಎದ್ದ ಮೊದಲನೆಯ ದೊಡ್ಡ ಕಟ್ಟಡವೆಂದು ಪ್ರಸಿದ್ಧವಾಗಿದೆ. ಶಾಖೆಯ ಮೊದಲನೆಯ ದೊಡ್ಡ ಕೆಲಸವೂ ಅದೇ. ಹಾಂಗ್‌ಕಾಂಗಿನ ಕಲ್ಲುಗುಡ್ಡದ ಮೇಲೆ ಈ ವಿದ್ಯೆಯನ್ನು ಕಲಿಯುವ ಅವಶ್ಯಕತೆಯೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಶಾಖೆಯು ಮೂಲಕ್ಕೆ ತಿಳಿಯದ ಒಂದು ವಿದ್ಯೆಯ ಒಡೆಯನಾದ ದಿನವೇ ಅದರ ಸ್ವಾತಂತ್ರ್ಯಕ್ಕೆ ನಾಂದಿಯಾಯಿತು.

ಯೂನಿಯನ್ ಕಟ್ಟಡವು ಕುಸಿಯದೆ ನಿಂತುದನ್ನು ಕಂಡು ಒಡೆಯರಿಗೆ ಧೈರ್ಯವಾಯಿತು. 1920ರಲ್ಲಿ ಯಾಂಗ್‌ಟ್ಸೆ ವಿಮಾಸಂಸ್ಥೆಯ ಕಟ್ಟಡವೂ, 1922ರಲ್ಲಿ ಗ್ಲೆನ್ ಹಡಗು ಕಂಪನಿಯ ಕಟ್ಟಡವೂ ಮುಗಿದುವು. ಅಷ್ಟರಲ್ಲಿಯೇ ಹಳೆಯ ಪರಿಚಯದ ಬ್ಯಾಂಕು ತನ್ನ ಶಾಂಘಾಯಿಯ ಶಾಖೆಗೆ ಹೊಸ ಭವನವನ್ನು ಕಟ್ಟಿಸಲು ನಿಶ್ಚಯಿಸಿತು. ಶಾಂಘಾಯಿಯ ವ್ಯವಹಾರವನ್ನು ನೋಡಿಕೊಂಡು ಬಳಿಕ ಬ್ಯಾಂಕಿಗೇ ಮುಖ್ಯಾಧಿಕಾರಿಯಾದ ಸ್ಟೀಫನ್ ಎಂಬುವನು, ಖರ್ಚಿಗೆ ಹಿಂದೆಗೆಯದೆ ಬಂಡ್ ಬೀದಿಯಲ್ಲೆಲ್ಲ ಎದ್ದು ಕಾಣುವ ಭವನವಾಗಬೇಕೆಂದು ಬಯಸಿದನು. 1921ರ ಮೇ ತಿಂಗಳಲ್ಲಿ ಅಸ್ತಿಭಾರದ ಕಲ್ಲನ್ನಿಟ್ಟರು. 1923ರ ಜೂನ್ 23ರಂದು ಪ್ರವೇಶೋತ್ಸವವು ನಡೆಯಿತು. ರೋಮನ್ ರೀತಿಯ ಎತ್ತರದ ಕಂಬಗಳು, ನಡುವೆ ಗುಮ್ಮಟ, ಒಳಗೆ ಅಮೃತಶಿಲೆಯ ವಿಶಾಲವಾದ ವ್ಯವಹಾರಶಾಲೆ. ಬ್ಯಾಂಕು ಕಟ್ಟಡಗಳಲ್ಲಿ ಜಗತ್ತಿಗೇ ಎರಡನೆಯ ದೊಡ್ಡದೆಂದು ಅದನ್ನು ಆ ಕಾಲದಲ್ಲಿ ಎಣಿಸುತ್ತಿದ್ದರು. ಬಾಗಿಲಿನ ಇಕ್ಕೆಲದಲ್ಲಿ ಹೆನ್ರಿ ಪೂಲ್ ಎಂಬ ಆಂಗ್ಲ ಶಿಲ್ಪಿಯು ಮಾಡಿದ ಎರಡು ಕಂಚಿನ ಸಿಂಹಗಳು. ಒಂದು ಗರ್ಜಿಸುತ್ತದೆ, ಮತ್ತೊಂದು ಶಾಂತವಾಗಿದೆ. ಬ್ಯಾಂಕಿನ ಇಬ್ಬರು ಅಧಿಕಾರಿಗಳ ಹೆಸರಿನಿಂದ ಅವು ಸ್ಟೀಫನ್, ಸ್ಟಿಟ್ ಎಂದೇ ಕರೆಯಲ್ಪಟ್ಟುವು.

ಆ ಭವನದ ಒಂದು ಅಂಗವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಬಾಗಿಲನ್ನು ದಾಟಿದ ಕೂಡಲೆ ಎಂಟು ಮೂಲೆಯ ಒಂದು ಮಂಟಪವಿದೆ. ಅದರ ಮೇಲ್ಭಾಗದಲ್ಲಿ ಬಣ್ಣಬಣ್ಣದ ಚಿಕ್ಕ ಬಿಲ್ಲೆಗಳನ್ನು ಜೋಡಿಸಿ ಎಂಟು ಚಿತ್ರಗಳನ್ನು ರಚಿಸಿದ್ದಾರೆ. ಒಂದೊಂದು ಚಿತ್ರವೂ ಬ್ಯಾಂಕಿನ ಕಚೇರಿಯಿದ್ದ ಒಂದೊಂದು ನಗರ: ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ತೋಕಿಯೋ, ಬ್ಯಾಂಕಾಕ್, ಹಾಂಗ್‌ಕಾಂಗ್, ಶಾಂಘಾಯಿ, ಮತ್ತು ನಮ್ಮ ಕಲಕತ್ತ. ಇವುಗಳಲ್ಲಿ ಮೂಲವಾವುದು, ಶಾಖೆಯಾವುದು ಎಂಬ ಭೇದವು ತೋರುವುದಿಲ್ಲ. ಎಂಟೂ ಒಂದೇ ಅಳತೆಯವು. ಒಂದೇ ಎತ್ತರದಲ್ಲಿ ಕುಳಿತಿವೆ. ಶಾಖೆಯೊಂದಕ್ಕಾಗಿ ಶಾಖೆಯೊಂದು ರಚಿಸಿದ ಭವನಕ್ಕೆ ಇದಕ್ಕಿಂತ ಉಚಿತವಾದ ಅಲಂಕಾರವಿರಲಾರದು.

ಈ ಕೆಲಸವಾದ ಮೇಲೆ ಶಾಖೆಗೆ ಒಡೆಯರನ್ನು ಹುಡುಕುವ ಶ್ರಮವು ತಪ್ಪಿತು. ಚಾರ್ಟರ್ಡ್ ಬ್ಯಾಂಕಿನ ಭವನವು 1923ರಲ್ಲಿಯೂ, ಜಪಾನೀಯರ ಯೋಕೋಹಾಮಾ ಸ್ಪೀಸಿ ಬ್ಯಾಂಕು 1924ರಲ್ಲಿಯೂ ಎದ್ದುವು. ಹೀಗೆ ಆಂಗ್ಲರ ಬ್ಯಾಂಕೂ ಅದರ ಪ್ರತಿಸ್ಪರ್ಧಿಯಾದ ಜಪಾನೀಯರ ಬ್ಯಾಂಕೂ ಒಂದೇ ಕಚೇರಿಯ ನಕಾಶೆಯಿಂದ ಒಂದೇ ಬೀದಿಯಲ್ಲಿ ನಿಂತುವು. 1927ರಲ್ಲಿ ಸುಂಕದ ಮನೆಯು ಮುಗಿಯಿತು. ಚೀನಾ ಸರ್ಕಾರದ ಆದಾಯಕ್ಕೆ ಮುಖ್ಯಾಧಾರವಾಗಿದ್ದ ಸಮುದ್ರಸುಂಕದ ಇಲಾಖೆಯು ಆಗ ಪರದೇಶೀಯ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿತ್ತು. ಆ ಕಟ್ಟಡದ ಎತ್ತರವಾದ ಗೋಪುರದಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಗಡಿಯಾರವನ್ನು ಹೋಲುವ ದೊಡ್ಡ ಗಡಿಯಾರವನ್ನಿಟ್ಟರು. ಬ್ಯಾಂಕಿನ ಗುಮ್ಮಟವೂ ಸುಂಕದ ಮನೆಯ ಗೋಪುರವೂ ಒತ್ತಿನಲ್ಲಿಯೇ ನಿಂತು, ನದಿಯ ಮೇಲೆ ಬರುವ ಹಡಗುಗಳಿಗೆ ಊರಿನ ಮುಖವೇ ಆದುವು.

ಆ ಬಳಿಕ ಬಂದ ಒಡೆಯನಿಗೂ ನಮ್ಮ ಮುಂಬಯಿಗೂ ನಿಕಟವಾದ ಸಂಬಂಧವುಂಟು. ಬಾಗ್ದಾದಿನ ಯಹೂದ್ಯ ವರ್ತಕನಾದ ಡೇವಿಡ್ ಸಸೂನನು 1830ರ ದಶಕದಲ್ಲಿ ಮುಂಬಯಿಗೆ ಬಂದು ನೆಲೆಸಿದನು. ಆತನ ಮಗನೊಬ್ಬನು 1844ರಲ್ಲಿ ಚೀನಕ್ಕೆ ಹೋದನು. ನಮ್ಮ ದೇಶದಲ್ಲಿ ಬೆಳೆದ ಅಫೀಮು ಚೀನಕ್ಕೆ ಹೋಗುತ್ತಿದ್ದ ಆ ಕಾಲದಲ್ಲಿ ಆ ಮನೆತನವು ಅದರ ವ್ಯಾಪಾರದಿಂದ ವಿಶೇಷವಾಗಿ ಬೆಳೆಯಿತು. ಹತ್ತಿಯ ಗಿರಣಿಗಳೂ ಭೂಮಿಯೂ ಅನಂತರ ಸೇರಿದುವು. ಈ ಮನೆತನದ ವಿಕ್ಟರ್ ಸಸೂನನು ಮುಂಬಯಿಯ ಗಿರಣಿಗಳ ಒಡೆಯನಾಗಿದ್ದು, ನಮ್ಮ ಕೇಂದ್ರ ಶಾಸನಸಭೆಯಲ್ಲಿಯೂ ಸದಸ್ಯನಾಗಿದ್ದನು. 1930ರ ಸುಮಾರಿಗೆ ಆತನು ತನ್ನ ವ್ಯವಹಾರದ ಬಹುಭಾಗವನ್ನು ಶಾಂಘಾಯಿಗೆ ಸಾಗಿಸಿದನು. ಭಾರತದ ತೆರಿಗೆ, ಗಿರಣಿಗಳ ಮುಷ್ಕರ, ಸ್ವಾತಂತ್ರ್ಯದ ಚಳವಳಿ ಇವುಗಳಿಗಿಂತ ಶಾಂಘಾಯಿಯು ಸುರಕ್ಷಿತವಾದ ತಾಣವೆಂದು ಆತನಿಗೆ ತೋರಿತು. ಆತನಿಗಾಗಿ ವಿಲ್ಸನನ ಕಚೇರಿಯವರು ರಚಿಸಿದ ಸಸೂನ್ ಭವನವು 1929ರಲ್ಲಿ ಮುಗಿಯಿತು. ಅದರಲ್ಲಿದ್ದ ಕ್ಯಾಥೆ ಹೋಟೆಲು ಪೂರ್ವದೇಶಗಳಲ್ಲೆಲ್ಲ ಹೆಸರುವಾಸಿಯಾಯಿತು. ತಾಮ್ರದ ತಗಡು ಹೊದಿಸಿದ ಹಸಿರು ಬಣ್ಣದ ಚೂಪಾದ ಶಿಖರವು ಇಂದಿಗೂ ಅದರ ಗುರುತು. ಒಳಗಿನ ವಿಶೇಷವಾದ ಕೊಠಡಿಗಳನ್ನು ಬೇರೆಬೇರೆ ದೇಶಗಳ ರೀತಿಯಲ್ಲಿ ಅಲಂಕರಿಸಿದರು. ಅವುಗಳಲ್ಲಿ ಭಾರತೀಯ ರೀತಿಯದೂ ಒಂದು. ನಮ್ಮ ದೇಶದಿಂದ ಹೋದ ಐಶ್ವರ್ಯವು ಅಲ್ಲಿ ನಮ್ಮ ದೇಶದ ಚಿತ್ತಾರವನ್ನು ತನ್ನ ನೆನಪಿಗಾಗಿ ಬರೆಯಿಸಿಕೊಂಡಿತೆನ್ನಬಹುದು.

ಇಲ್ಲಿ ಶಾಖೆಯ ಮೂರನೆಯ ಬಲವು ತೋರುತ್ತದೆ. ಬ್ಯಾಂಕಿಗೆ ರೋಮನ್ ಕಂಬಗಳನ್ನು ರಚಿಸಿದ ಕೈಯೇ, ಆರು ವರ್ಷಗಳೊಳಗಾಗಿ, ನೇರವಾದ ಗೆರೆಗಳ, ಕಂಬಗಳ ಹಂಗಿಲ್ಲದ ಹೊಸ ರೀತಿಯ ಗೋಪುರವನ್ನು ರಚಿಸಿತು. ಲಂಡನ್ನಿನಲ್ಲಿ ಕಲಿತ ಪಾಠವನ್ನೇ ಒಪ್ಪಿಸುತ್ತಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಬ್ಯಾಂಕಿನ ಅಧಿಕಾರಿಗೆ ಬೇಕಾದುದು ಭದ್ರತೆಯ ಭಾವ. ಹೋಟೆಲಿನ ಒಡೆಯನಿಗೆ ಬೇಕಾದುದು ಹೊಸತನದ ಬೆರಗು. ಈ ಭೇದವನ್ನು ಅರಿತು ನಡೆದುದರಿಂದಲೇ 1930ರ ದಶಕದಲ್ಲಿ ಹ್ಯಾಮಿಲ್ಟನ್ ಹೌಸ್, ಮೆಟ್ರೋಪೋಲ್ ಹೋಟೆಲು, ಸೂಚೌ ಹೊಳೆಯ ದಡದ ಉದ್ದವಾದ ಎಂಬ್ಯಾಂಕ್‌ಮೆಂಟ್ ಕಟ್ಟಡ ಮೊದಲಾದುವೂ ಈ ಕಚೇರಿಗೇ ಬಂದುವು. ಬಂಡ್ ಬೀದಿಯೊಂದರಲ್ಲಿಯೇ ಈ ಶಾಖೆಯ ಕೈ ತಗುಲಿದ ದೊಡ್ಡ ಕಟ್ಟಡಗಳು ಒಂಬತ್ತಕ್ಕೆ ಕಡಮೆಯಿಲ್ಲ.

ಶಾಖೆಯು ಮೂಲವನ್ನು ಮೀರಿತೆಂದು ಮೊದಲಿಗೆ ಹೇಳಿದೆನಷ್ಟೆ. ಅದಕ್ಕೆ ಸಾಕ್ಷಿಯು ಶಾಂಘಾಯಿಯಲ್ಲಿಲ್ಲ, ಹಾಂಗ್‌ಕಾಂಗಿನಲ್ಲಿದೆ. 1886ರಲ್ಲಿ ಪಾಮರನು ರಚಿಸಿದ ಬ್ಯಾಂಕಿನ ಮುಖ್ಯ ಕಚೇರಿಯು ಕಾಲಕ್ಕೆ ಸಾಲದಾಗಿ, 1933ರಲ್ಲಿ ಅದನ್ನು ಕೆಡವಿದರು. ಆ ಸ್ಥಳದಲ್ಲಿ ಹೊಸ ಭವನವನ್ನು ರಚಿಸುವ ಕೆಲಸವು ವಿಲ್ಸನನ ಪಾಲಿಗೆ ಬಂದಿತು. 1935ರ ಅಕ್ಟೋಬರಿನಲ್ಲಿ ಅದು ತೆರೆಯಿತು: ಉಕ್ಕಿನ ಚೌಕಟ್ಟು, ಹೊರಗೆ ಬೆಣಚುಕಲ್ಲಿನ ಹೊದಿಕೆ, ಒಳಗೆ ಯಂತ್ರದಿಂದ ತಂಪಾಗಿಸಿದ ಗಾಳಿ. ವ್ಯವಹಾರಶಾಲೆಯ ಮೇಲಿನ ಬಿಲ್ಲೆಗಳ ಚಿತ್ರವನ್ನು ರಚಿಸಿದವನು ಶಾಂಘಾಯಿಯಲ್ಲಿದ್ದ ಪೋಡ್‌ಗೂರ್ಸ್ಕಿ ಎಂಬ ರಷ್ಯನ್ ಕಲಾವಿದ. ಬಾಗಿಲಿನ ಸಿಂಹಗಳನ್ನು ರೂಪಿಸಿದವನು ಶಾಂಘಾಯಿಯ ವ್ಯಾಗ್‌ಸ್ಟಾಫ್ ಎಂಬ ಶಿಲ್ಪಿ. ಅಲ್ಲಿಯ ಎರಕದವರೇ ಅವನ್ನು ಎರೆದರು. ಇಂಗ್ಲೆಂಡಿನಿಂದ ಬಂದ ಸಿಂಹಗಳು 1923ರಲ್ಲಿ ಶಾಂಘಾಯಿಗೆ ಬೇಕಾಗಿದ್ದುವು. ಹನ್ನೆರಡು ವರ್ಷಗಳಾಗುವಷ್ಟರಲ್ಲಿ ಶಾಂಘಾಯಿಯೇ ಹಾಂಗ್‌ಕಾಂಗಿಗೆ ಸಿಂಹಗಳನ್ನು ಕಳುಹಿಸುವಂತಾಯಿತು. ಬಿಳಲಿನ ಸಾರವು ಮೂಲದ ಕಾಂಡಕ್ಕೆ ಹಿಂದಿರುಗಿ ಹರಿದುದು ಹೀಗೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇದು ಕೇವಲ ಉದ್ಯೋಗಿಗಳ ಯಶೋಗಾಥೆಯಾದೀತು. ಚರಿತ್ರಕಾರನು ಮತ್ತೊಂದು ಪ್ರಶ್ನೆಯನ್ನು ಕೇಳಲೇಬೇಕು. ಶಾಖೆಯು ನೆಲವನ್ನು ಅರಿತಿತು, ಒಡೆಯರನ್ನು ಅರಿತಿತು, ಊರಿನ ಹೆಸರನ್ನೂ ತಾಳಿತು. ಊರಿನ ಜನರಿಗೆ ತನ್ನ ಆಸನದಲ್ಲಿ ಸ್ಥಳವನ್ನು ಕೊಟ್ಟಿತೆ? ಬಿದಿರಿನ ಅಟ್ಟಣೆಗಳನ್ನು ಕಟ್ಟಿದವರು, ಗೂಟಗಳನ್ನು ಹೊಡೆದವರು, ಕಲ್ಲನ್ನು ಕೆತ್ತಿದವರು, ಎಲ್ಲರೂ ಚೀನೀಯರು. ಆದರೆ ನಕಾಶೆಯ ಕೆಳಗೆ ರುಜು ಮಾಡುವ ಯಜಮಾನರು ಪರದೇಶೀಯರೇ ಆಗಿದ್ದರು. ಇದಕ್ಕೆ ಹೋಲಿಸಿ ನೋಡಲು ಅದೇ ಊರಿನಲ್ಲಿದ್ದ ಇನ್ನೊಂದು ಶಾಖೆಯ ನಿದರ್ಶನವಿದೆ. ನ್ಯೂಯಾರ್ಕಿನ ಹೆನ್ರಿ ಮರ್ಫಿ ಎಂಬ ವಾಸ್ತುಶಿಲ್ಪಿಯು ಚೀನದಲ್ಲಿ ವಿದ್ಯಾಶಾಲೆಗಳನ್ನು ಕಟ್ಟುವ ಕೆಲಸವನ್ನು ಹಿಡಿದು, 1918ರ ಸುಮಾರಿಗೆ ಶಾಂಘಾಯಿಯಲ್ಲಿ ತನ್ನ ಕಚೇರಿಯನ್ನು ತೆರೆದನು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಓದಿದ ಲೂ ಯೆನ್‌ಚಿ ಎಂಬ ಚೀನೀ ತರುಣನು ಮರ್ಫಿಯಲ್ಲಿ ಕೆಲಸ ಮಾಡಿ, ಬಳಿಕ ಬಿಟ್ಟು ಸ್ವತಂತ್ರನಾದನು. ಚೀನಾ ಗಣರಾಜ್ಯದ ಪಿತನೆನಿಸಿದ ಸುನ್ ಯಾತ್‌ಸೆನನ ಸಮಾಧಿಮಂದಿರಕ್ಕಾಗಿ 1925ರಲ್ಲಿ ನಡೆದ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನವು ಈತನಿಗೇ ಬಂದಿತು. ನಾನ್‌ಕಿಂಗಿನ ಬೆಟ್ಟದ ಮೇಲಿನ ಆ ಮಂದಿರವು ಚೀನೀಯರ ಹೊಸ ವಾಸ್ತುಶಿಲ್ಪಕ್ಕೆ ಮೊದಲ ಮೆಟ್ಟಿಲೆಂದು ಗಣ್ಯವಾಗಿದೆ. ಲೂ ಯೆನ್‌ಚಿಯು 1929ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ತೀರಿಕೊಂಡನು. ಮರ್ಫಿಯ ಶಾಖೆಯು ಪಾಮರ್ ಅಂಡ್ ಟರ್ನರರ ಶಾಖೆಯಷ್ಟು ದೊಡ್ಡ ಬೀದಿಯನ್ನು ಆಳಲಿಲ್ಲ. ಆದರೆ ಅದರ ಬಾಗಿಲಿನಿಂದ ಹೊರಟ ಒಬ್ಬ ತರುಣನು ತನ್ನ ದೇಶಕ್ಕೆ ಒಂದು ಮಾರ್ಗವನ್ನು ತೋರಿದನು. ಶಾಖೆಯ ಲಾಭವನ್ನು ಎಣಿಸುವಾಗ ಇದನ್ನೂ ಒಂದು ಬಾಬತ್ತಿನಲ್ಲಿ ಬರೆದುಕೊಳ್ಳಬೇಡವೆ?

ಕಾಲವೂ ಈ ಪ್ರಶ್ನೆಯನ್ನು ಕೇಳದೆ ಬಿಡಲಿಲ್ಲ. ಸಸೂನ್ ಭವನದ ಪಕ್ಕದಲ್ಲಿಯೇ ಚೀನೀಯರ ಬ್ಯಾಂಕ್ ಆಫ್ ಚೈನಾ ತನ್ನ ಭವನವನ್ನು ಕಟ್ಟಿಸಲು ಹೊರಟಿತು. ಆ ಬ್ಯಾಂಕಿನಲ್ಲಿ ಸ್ವಂತದ ಒಂದು ವಾಸ್ತುಶಿಲ್ಪ ವಿಭಾಗವಿದ್ದು, ಹಾಂಗ್‌ಕಾಂಗಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದಿದ ಲೂಕ್ ಹಿಮ್‌ಸೌ ಎಂಬುವನು 1930ರಿಂದ ಅದರ ಮುಖ್ಯಸ್ಥನಾಗಿದ್ದನು. ಪಾಮರ್ ಅಂಡ್ ಟರ್ನರ್ ಸಂಸ್ಥೆಯು ಅವನೊಡನೆ ಕೂಡಿ ಕೆಲಸ ಮಾಡಬೇಕಾಯಿತು. 1936ರಲ್ಲಿ ಕೆಲಸವು ಮೊದಲಾಯಿತು. ಉಕ್ಕಿನ ಚೌಕಟ್ಟಿನ ಗೋಪುರಕ್ಕೆ ಚೀನೀ ರೀತಿಯ ಮಾಳಿಗೆಯನ್ನೂ, ಕಲ್ಲಿನ ಚೌಕಟ್ಟುಗಳಲ್ಲಿ ಚೀನೀ ಚಿತ್ತಾರಗಳನ್ನೂ ಅಳವಡಿಸಿದರು. ಮೊದಲು ಬಹಳ ಎತ್ತರಕ್ಕೆ ಯೋಚಿಸಿದ್ದ ಆ ಭವನವು ಕಡೆಗೆ ಸಸೂನನ ಶಿಖರಕ್ಕಿಂತ ತುಸು ಗಿಡ್ಡವಾಗಿಯೇ ನಿಂತಿತು. ತನಗಿಂತ ಎತ್ತರವಾಗಕೂಡದೆಂದು ಸಸೂನನು ಹಟ ಹಿಡಿದನೆಂದು ಜನರು ಹೇಳುವುದುಂಟು. ಆ ಮಾತು ಹೇಗೇ ಇರಲಿ, ಪರದೇಶೀಯ ಸಂಸ್ಥೆಯ ಪಕ್ಕದಲ್ಲಿ ಚೀನೀ ಶಿಲ್ಪಿಯೊಬ್ಬನು ಸಮಾನನಾಗಿ ಕುಳಿತುದಂತೂ ಸತ್ಯ. ಅವನಿಗೆ ಆ ಸ್ಥಾನವನ್ನು ಕೊಟ್ಟುದು ಶಾಖೆಯಲ್ಲ, ಹಣ ತೆರುವ ಚೀನೀ ಒಡೆಯ ಎಂಬುದನ್ನು ಮರೆಯಲಾಗದು.

ಆದರೆ ಈ ಹೊಸ ಅಧ್ಯಾಯಕ್ಕೆ ಕಾಲಾವಕಾಶವು ಸಿಕ್ಕಲಿಲ್ಲ. 1937ರಲ್ಲಿ ಜಪಾನಿನ ಸೈನ್ಯವು ಶಾಂಘಾಯಿಯ ಮೇಲೆ ಬಿದ್ದಿತು. ಆ ವರ್ಷದ ಆಗಸ್ಟ್ 14ರಂದು, ಜಪಾನೀ ಹಡಗಿನ ಮೇಲೆ ಗುರಿಯಿಟ್ಟಿದ್ದ ಚೀನೀ ವಿಮಾನಗಳ ಬಾಂಬುಗಳು ಗುರಿ ತಪ್ಪಿ ಕ್ಯಾಥೆ ಹೋಟೆಲಿನ ಮುಂದಿನ ಬೀದಿಯಲ್ಲಿ ಬಿದ್ದು, ಆಶ್ರಯಕ್ಕಾಗಿ ಅಲ್ಲಿ ನೆರೆದಿದ್ದ ಜನರು ನೂರಾರು ಮಂದಿ ಮಡಿದರು. ಯಾವ ತಾಣವು ಮುಂಬಯಿಗಿಂತ ಸುರಕ್ಷಿತವೆಂದು ಸಸೂನನು ನಂಬಿದ್ದನೋ ಆ ತಾಣದ ಹೊಸ್ತಿಲಲ್ಲಿಯೇ ಈ ದುರಂತವು ನಡೆಯಿತು. 1941ರ ಡಿಸೆಂಬರಿನಲ್ಲಿ ಜಪಾನೀಯರು ಅಂತರರಾಷ್ಟ್ರೀಯ ವಸತಿಯನ್ನೂ ಆಕ್ರಮಿಸಿದರು; ಅದೇ ತಿಂಗಳು ಹಾಂಗ್‌ಕಾಂಗೂ ಬಿದ್ದಿತು. ಹಾಂಗ್‌ಕಾಂಗಿನ ಸಿಂಹಗಳನ್ನು ಕರಗಿಸುವುದಕ್ಕೆಂದು ಜಪಾನಿಗೆ ಸಾಗಿಸಿದರು. ಕರಗಿಸುವುದಕ್ಕೆ ಮೊದಲೇ ಯುದ್ಧವು ಮುಗಿದುದರಿಂದ ಅವು ಒಸಾಕದಲ್ಲಿ ಸಿಕ್ಕಿ 1946ರಲ್ಲಿ ಹಿಂದಿರುಗಿದುವು. 1943ರ ಒಪ್ಪಂದಗಳಿಂದ ಆಂಗ್ಲರೂ ಅಮೆರಿಕದವರೂ ಚೀನದಲ್ಲಿ ತಮಗಿದ್ದ ವಿಶೇಷಾಧಿಕಾರಗಳನ್ನು ಬಿಟ್ಟುಕೊಟ್ಟರು. 1949ರ ಮೇ ತಿಂಗಳಲ್ಲಿ ಸಮತಾವಾದಿಗಳ ಸೈನ್ಯವು ಶಾಂಘಾಯಿಯನ್ನು ಪ್ರವೇಶಿಸಿತು. ಪರದೇಶೀಯ ವರ್ತಕರ ಹಣದಿಂದ ಬಾಳುತ್ತಿದ್ದ ಶಾಖೆಗೆ ಆ ಮೇಲೆ ಅಲ್ಲಿ ಬಾಳುವೆಯಿರಲಿಲ್ಲ. ಬಿಳಲು ಒಣಗಿತು, ಸಂಸ್ಥೆಯು ತನ್ನ ಹಳೆಯ ಕಾಂಡದಿಂದಲೇ, ಅಂದರೆ ಹಾಂಗ್‌ಕಾಂಗಿನಿಂದಲೇ, ಮತ್ತೆ ಚಿಗುರಬೇಕಾಯಿತು.

ಕಾರಣವೇನೆಂದು ವಿಚಾರಿಸಿದರೆ ಉತ್ತರವು ದೂರವಿಲ್ಲ. ವಿಲ್ಸನನು ಕೆಸರಿನ ಮೇಲೆ ಭವನಗಳನ್ನು ತೇಲಿಸುವ ವಿದ್ಯೆಯಲ್ಲಿ ಪ್ರವೀಣನಾಗಿದ್ದನು. ಅವನ ಅಸ್ತಿಭಾರಗಳಲ್ಲಿ ಯಾವ ದೋಷವೂ ಇರಲಿಲ್ಲ. ಶಾಖೆಯ ಅಸ್ತಿಭಾರವಾದರೋ 1842ರ ಒಪ್ಪಂದದ ಮೇಲೆ, ಅಂದರೆ ಸೋತವನಿಂದ ಬಲಾತ್ಕಾರವಾಗಿ ಪಡೆದ ಹಕ್ಕಿನ ಮೇಲೆ ನಿಂತಿತ್ತು. ಜೇಡಿಮಣ್ಣಿನ ಹಿಡಿತವು ಗೂಟಗಳನ್ನು ತಡೆದಂತೆ ಜನರ ಹಿಡಿತವು ಸಂಸ್ಥೆಯನ್ನು ತಡೆಯಬೇಕು. ಊರಿನ ತರುಣರು ಅದರಲ್ಲಿ ಯಜಮಾನರಾಗಿ ಬೆಳೆದಿದ್ದರೆ, ರಾಜ್ಯವು ಬದಲಾದಾಗ ಶಾಖೆಯ ಹೆಸರು ಅಳಿದರೂ ವಿದ್ಯೆಯ ಪರಂಪರೆಯಾದರೂ ಆ ಮನೆಯಲ್ಲಿಯೇ ಉಳಿಯುತ್ತಿತ್ತು.

ಕಟ್ಟಡಗಳು ಮಾತ್ರ ಉಳಿದುವು. 1950ರ ದಶಕದಲ್ಲಿ ಬ್ಯಾಂಕಿನ ಭವನವು ಶಾಂಘಾಯಿಯ ನಗರಸರ್ಕಾರದ ಕಚೇರಿಯಾಯಿತು; ಸಿಂಹಗಳನ್ನು ತೆಗೆದರು; ಎಂಟು ನಗರಗಳ ಚಿತ್ರಗಳನ್ನು ಬಣ್ಣ ಬಳಿದು ಮುಚ್ಚಿದರು. 1966ರಲ್ಲಿ ಸುಂಕದ ಮನೆಯ ಗಡಿಯಾರಕ್ಕೆ ಕ್ರಾಂತಿಗೀತೆಯ ಸ್ವರವನ್ನು ಅಳವಡಿಸಿದರು. ಕ್ಯಾಥೆ ಹೋಟೆಲು ಶಾಂತಿ ಹೋಟೆಲೆಂಬ ಹೆಸರನ್ನು ಪಡೆಯಿತು. 1990ರ ದಶಕದಲ್ಲಿ ನಗರಸರ್ಕಾರವು ಬ್ಯಾಂಕಿನ ಭವನವನ್ನು ಬಿಟ್ಟು ಹೋಗಿ, ಒಂದು ಚೀನೀ ಬ್ಯಾಂಕು ಅದನ್ನು ಹಿಡಿಯಿತು. 1997ರಲ್ಲಿ ದುರಸ್ತಿಯ ಕೆಲಸ ನಡೆಯುತ್ತಿದ್ದಾಗ ಬಣ್ಣದ ಕೆಳಗಿನಿಂದ ಹಳೆಯ ಬಿಲ್ಲೆಗಳು ಹೊಳೆದುವು. ಮುಚ್ಚಿದವರು ಅವನ್ನು ಒಡೆದಿರಲಿಲ್ಲ. ಲಂಡನ್ನೂ ಕಲಕತ್ತವೂ ಶಾಂಘಾಯಿಯೂ ನಲವತ್ತು ವರ್ಷಗಳ ಕತ್ತಲೆಯಿಂದ ಮತ್ತೆ ಬೆಳಕಿಗೆ ಬಂದುವು. ಇತ್ತ ಹಾಂಗ್‌ಕಾಂಗಿನಲ್ಲಿ 1935ರ ಭವನವನ್ನು 1981ರಲ್ಲಿ ಕೆಡವಿ, ನಾರ್ಮನ್ ಫಾಸ್ಟರನು ರಚಿಸಿದ ಹೊಸ ಭವನವನ್ನು 1985ರಲ್ಲಿ ನಿಲ್ಲಿಸಿದರು. ಶಾಂಘಾಯಿಯಲ್ಲಿ ಎರೆದ ಸಿಂಹಗಳು ಅದರ ಬಾಗಿಲಲ್ಲಿ ಈಗಲೂ ಇವೆ. ಪಾಮರ್ ಅಂಡ್ ಟರ್ನರ್ ಸಂಸ್ಥೆಯು ಪಿ ಅಂಡ್ ಟಿ ಎಂಬ ಸಂಕ್ಷಿಪ್ತ ನಾಮದಿಂದ ಇಂದಿಗೂ ಕೆಲಸ ಮಾಡುತ್ತಿದೆ.

ಮೂಲದ ಊರಿನಲ್ಲಿ ಶಾಖೆಯು ಕಟ್ಟಿದ ಮಹಾಭವನವು ಅಳಿದು, ಕಳೆದುಕೊಂಡ ಊರಿನಲ್ಲಿ ಕಟ್ಟಿದುವು ಉಳಿದಿರುವುದು ವಿಚಿತ್ರವಾದರೂ ನಿಜ. ಇಂದು ನಮ್ಮ ಬೆಂಗಳೂರಿನಂತಹ ನಗರಗಳಲ್ಲಿಯೂ ದೂರದೇಶದ ವಾಸ್ತುಶಿಲ್ಪ ಸಂಸ್ಥೆಗಳು ತಮ್ಮ ಶಾಖೆಗಳನ್ನು ತೆರೆದು ಕೆಲಸ ನಡೆಸುತ್ತಿವೆ. ಅವುಗಳ ಕಟ್ಟಡಗಳ ಎತ್ತರವನ್ನು ಅಳೆಯುವವರು ಬಹುಮಂದಿ ಇರುವರು. ಅವುಗಳಲ್ಲಿ ಕುಳಿತು ಗೆರೆ ಎಳೆಯುತ್ತಿರುವ ನಮ್ಮ ಹುಡುಗರೂ ಹುಡುಗಿಯರೂ ಯಾವ ವಿದ್ಯೆಯನ್ನು ಕಲಿತು ಹೊರಬರುವರು, ಯಾವ ಸ್ಥಾನಕ್ಕೆ ಏರುವರು ಎಂಬುದನ್ನೂ ಯಾರಾದರೂ ಲೆಕ್ಕವಿಡುವುದು ಒಳ್ಳೆಯದು. ಶಾಂಘಾಯಿಯ ಶಾಖೆಯ ಚರಿತ್ರೆಯು ನಮಗೆ ಹೇಳಿಕೊಡುವ ಲೆಕ್ಕದ ರೀತಿ ಇದೇ.